ಅಟ್ಟಾಟವೋ, ಮೊಟ್ಟೆ ಇಡುವ ಓಟವೋ? ಅಕ್ವೇರಿಯಂನ ಪುಟ್ಟ ಗುಂಪು ಮೀನುಗಳನ್ನು ನೋಡುವುದು ಹೇಗೆ

ಡೇನಿಯೊ, ಟೆಟ್ರಾ, ರಾಸ್ಬೋರಾ ತರಹದ ಪುಟ್ಟ ಮೀನುಗಳನ್ನು ಸಾಕುವವರಲ್ಲಿ ತುಂಬಾ ಜನ ಹೇಳುವ ಮಾತು ಒಂದೇ: "ನಮ್ಮ ಟ್ಯಾಂಕಿನಲ್ಲಿ ಇವು ಯಾವತ್ತೂ ಮೊಟ್ಟೆ ಇಟ್ಟಿಲ್ಲ." ನಂಬುವುದು ಸ್ವಲ್ಪ ಕಷ್ಟ. ಗಂಡು ಹೆಣ್ಣು ಎರಡೂ ಇರುವ, ಚೆನ್ನಾಗಿ ತಿಂದುಂಡು ಆರೋಗ್ಯವಾಗಿರುವ ಜೀಬ್ರಾ ಡೇನಿಯೊಗಳ ಗುಂಪು ತಿಂಗಳುಗಟ್ಟಲೆ ಮೊಟ್ಟೆ ಇಡದೆ ಇರುವುದು ಅಪರೂಪ. ಇಟ್ಟಿರುತ್ತವೆ. ನಾವು ನೋಡಿರುವುದಿಲ್ಲ, ಅಷ್ಟೇ.

ಅದು ನಡೆಯುವ ಹೊತ್ತಿಗೆ ನಾವು ಟ್ಯಾಂಕಿನ ಮುಂದೆ ಇರುವುದಿಲ್ಲ. ಇದ್ದರೂ ಕಣ್ಣಿಗೆ ಬೀಳುವುದು ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಗಲಾಟೆ ಮಾತ್ರ. ಅದನ್ನು ಜಗಳ ಎಂದುಕೊಂಡು ಸುಮ್ಮನಾಗುತ್ತೇವೆ. ಇನ್ನು ಮೊಟ್ಟೆಗಳ ವಿಷಯ ಕೇಳಲೇಬೇಡಿ. ತಳ ಮುಟ್ಟುವ ಮೊದಲೇ ಒಂದಷ್ಟು ಖಾಲಿಯಾಗಿರುತ್ತವೆ, ಇಟ್ಟ ಮೀನುಗಳೇ ತಿಂದಿರುತ್ತವೆ. ಹಾಗಾಗಿ ಮರಿ ಕಾಣಲಿಲ್ಲ ಎಂದ ಮಾತ್ರಕ್ಕೆ ಮೊಟ್ಟೆ ಇಡಲಿಲ್ಲ ಎಂದು ಹೇಳಲಾಗದು. ಗಲಾಟೆಯ ನಡುವೆ ಕಣ್ಣಿಡಬೇಕಾದದ್ದು ಬೇರೆ ಕಡೆ. ಓಟ ಎಲ್ಲಿಗೆ ಹೋಗಿ ನಿಲ್ಲುತ್ತದೆ, ನಿಂತ ಒಂದೆರಡು ಸೆಕೆಂಡಿನಲ್ಲಿ ಏನಾಗುತ್ತದೆ, ಆಗ ಉಳಿದ ಮೀನುಗಳು ಏನು ಮಾಡುತ್ತವೆ. ಇಷ್ಟನ್ನು ನೋಡಲು ಕಲಿತರೆ ಟ್ಯಾಂಕಿನ ಅರ್ಧ ಗುಟ್ಟು ಬಯಲಾದ ಹಾಗೆ.

ಗೂಡಿಲ್ಲ, ಕಾವಲಿಲ್ಲ

ಅಕ್ವೇರಿಯಂ ಮೀನುಗಳೆಲ್ಲ ಒಂದೇ ರೀತಿ ಸಂತಾನ ಬೆಳೆಸುವುದಿಲ್ಲ. ಗಪ್ಪಿ, ಮಾಲಿಗಳು ನೇರವಾಗಿ ಮರಿ ಹಾಕುತ್ತವೆ. ಏಂಜಲ್ ಮೀನು ಎಲೆಯ ಮೇಲೆ ಮೊಟ್ಟೆ ಅಂಟಿಸಿ ಗಂಡು ಹೆಣ್ಣು ಎರಡೂ ಕಾಯುತ್ತವೆ. ಬೆಟ್ಟಾ ಗಂಡು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ ಮೊಟ್ಟೆಗಳನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಗುಂಪಿನಲ್ಲಿ ಈಜುವ ಪುಟ್ಟ ಮೀನುಗಳಲ್ಲಿ ಹೆಚ್ಚಿನವಕ್ಕೆ ಈ ಯಾವ ತಲೆನೋವೂ ಇಲ್ಲ. ಗಿಡದ ನಡುವೆಯೋ ಕಲ್ಲಿನ ಸಂದಿಯಲ್ಲೋ ಮೊಟ್ಟೆ ಚೆಲ್ಲಿ ಮುಂದೆ ಹೋಗುತ್ತವೆ.

ಬೇಜವಾಬ್ದಾರಿ ಅನ್ನಿಸಬಹುದು. ಆದರೆ ಇದರಲ್ಲೂ ಒಂದು ಲೆಕ್ಕವಿದೆ. ನಾಲ್ಕು ಸೆಂಟಿಮೀಟರ್ ಉದ್ದದ ಮೀನು ತನ್ನ ಮೊಟ್ಟೆಯನ್ನು ಯಾರಿಂದ ತಾನೇ ಕಾಪಾಡೀತು? ಕಾವಲು ನಿಂತರೆ ಅದನ್ನೇ ಇನ್ನೊಂದು ಮೀನು ನುಂಗುತ್ತದೆ. ಆದ್ದರಿಂದ ಕಾಯುವ ಶ್ರಮವನ್ನು ಬಿಟ್ಟು ಆ ಶಕ್ತಿಯನ್ನೆಲ್ಲ ಸಂಖ್ಯೆಗೆ ಹಾಕುತ್ತವೆ. ಮೊಟ್ಟೆಗಳು ತೀರಾ ಸಣ್ಣವು, ಬಹುಪಾಲು ಪಾರದರ್ಶಕ. ಬೇಗ ಒಡೆದು ಮರಿ ಹೊರಬರುತ್ತದೆ. ಬಿದ್ದ ಜಾಗದಲ್ಲಿ ಕಣ್ಣಿಗೆ ಕಾಣದಿರುವುದೇ ಅವುಗಳಿಗಿರುವ ರಕ್ಷಣೆ.

ಬೆಳಗಿನ ಹೊತ್ತೇ ಯಾಕೆ?

ಡೇನಿಯೊಗಳಿಂದಲೇ ಶುರು ಮಾಡೋಣ. ಮೀನುಗಳು ಮೊಟ್ಟೆ ಇಡುವ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಜೀಬ್ರಾ ಡೇನಿಯೊದಿಂದಲೇ ಬಂದದ್ದು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗಾ ಬಯಲಿನ ಮೀನುಗಳ ಜೊತೆ ಇದನ್ನೂ ವರ್ಣಿಸಿದ್ದರು. 1970ರ ದಶಕದಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ಪ್ರಯೋಗಾಲಯಕ್ಕೆ ತಂದರು. ಇವತ್ತು ಜಗತ್ತಿನಾದ್ಯಂತ ಜೀವವಿಜ್ಞಾನದ ಲ್ಯಾಬುಗಳಲ್ಲಿ ಈ ಮೀನಿದೆ. ಅಲ್ಲಿ ಮೊಟ್ಟೆ ಬೇಕಾದಾಗ ಮಾಡುವ ಕೆಲಸ ತುಂಬಾ ಸರಳ: ಸಂಜೆ ಗಂಡು ಹೆಣ್ಣನ್ನು ಒಂದು ಡಬ್ಬಿಗೆ ಹಾಕುವುದು, ಬೆಳಿಗ್ಗೆ ಲೈಟ್ ಹಾಕುವುದು.

ಆ ಲೈಟೇ ಮುಖ್ಯ. ಡೇನಿಯೊ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಗಳು ಹಲವು ದಿನ ಬೆಳೆಯುತ್ತವೆ. ಬೆಳೆದ ಮೊಟ್ಟೆ ಅಂಡಾಶಯದಿಂದ ಬಿಡುಗಡೆಯಾಗಿ ಹೊರಬರಲು ಸಿದ್ಧವಾಗುವುದು ಸಾಮಾನ್ಯವಾಗಿ ಕತ್ತಲ ಕೊನೆಯ ಗಂಟೆಗಳಲ್ಲಿ. ಅದಕ್ಕೆ ಹಾರ್ಮೋನುಗಳ ಒಂದು ಸರಪಣಿಯೇ ಕೆಲಸ ಮಾಡುತ್ತದೆ. ಆ ಸರಪಣಿಗೆ ಚಾಲನೆ ಕೊಡುವುದರಲ್ಲಿ ಗಂಡು ನೀರಿಗೆ ಬಿಡುವ ರಾಸಾಯನಿಕಗಳ ವಾಸನೆಗೂ ಪಾಲಿದೆ. ಹೀಗೆ ಸಿದ್ಧವಾದ ಮೊಟ್ಟೆಯನ್ನು ಹೊಟ್ಟೆಯಲ್ಲಿ ಬಹಳ ಹೊತ್ತು ಇಟ್ಟುಕೊಳ್ಳಲು ಆಗದು, ಕೆಲವು ಗಂಟೆಗಳಲ್ಲಿ ಅದರ ಗುಣ ಕೆಡುತ್ತದೆ. ಆದ್ದರಿಂದ ಬೆಳಕು ಹರಿದ ಕೂಡಲೇ ಓಟ ಶುರು. ಮೊದಲ ಒಂದು ಗಂಟೆಯಲ್ಲಿ ಜೋರು ಜಾಸ್ತಿ, ಆಮೇಲೆ ಇಳಿಯುತ್ತದೆ. ಮಧ್ಯಾಹ್ನ ನೋಡಿದರೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಈಜುತ್ತಿರುತ್ತವೆ.

ಲ್ಯಾಬುಗಳಲ್ಲಿ ಇವಕ್ಕೆ ದಿನಕ್ಕೆ 14 ಗಂಟೆ ಬೆಳಕು, 10 ಗಂಟೆ ಕತ್ತಲೆ ಕೊಡುತ್ತಾರೆ. ಮನೆಯಲ್ಲಿ ಮನಸ್ಸು ಬಂದಾಗ ಲೈಟ್ ಹಾಕಿ ಆರಿಸುವ ಟ್ಯಾಂಕಿನ ಮೀನಿಗೆ ಬೆಳಗು ಯಾವುದು ಎಂದೇ ಗೊತ್ತಾಗುವುದಿಲ್ಲ. ಮೊಟ್ಟೆ ಇಡುವುದನ್ನು ನೋಡುವ ಆಸೆಯಿರುವವರು ಬೇರೇನನ್ನೂ ಕೊಳ್ಳದಿದ್ದರೂ ಒಂದು ಟೈಮರ್ ಮಾತ್ರ ತೆಗೆದುಕೊಳ್ಳಿ ಎನ್ನುತ್ತೇನೆ ನಾನು.

ಬೆಳಕಿನ ಜೊತೆಗೆ ನೀರೂ ಸುಳಿವು ಕೊಡುತ್ತದೆ. ಕಾಡು ಡೇನಿಯೊಗಳು ಮಳೆಗಾಲದಲ್ಲಿ ಹೊಳೆಯಂಚಿನಲ್ಲಿ ನೀರು ನಿಲ್ಲುವ ಆಳವಿಲ್ಲದ ಜಾಗಗಳಲ್ಲಿ ಮೊಟ್ಟೆ ಇಡುತ್ತವೆ. ತಳದಲ್ಲಿ ಓಡಾಡುವ ಕೋರಿಡೋರಾಸ್ ಎಂಬ ಪುಟ್ಟ ಬೆಕ್ಕುಮೀನುಗಳಂತೂ ಸ್ವಲ್ಪ ತಣ್ಣನೆಯ ಹೊಸ ನೀರು ಬಂದರೆ ಮಳೆ ಬಂತು ಎಂದೇ ತಿಳಿಯುತ್ತವೆ. ಟ್ಯಾಂಕಿನ ನೀರು ಬದಲಿಸಿದ ಮರುದಿನ ಬೆಳಿಗ್ಗೆ ಗಲಾಟೆ ಜಾಸ್ತಿ ಕಂಡರೆ ಅದು ಕಾಕತಾಳೀಯ ಅಲ್ಲದಿರಬಹುದು.

ಹೆಣ್ಣು ಯಾವುದು, ಗಂಡು ಯಾವುದು

ಇದು ಗೊತ್ತಿಲ್ಲದೆ ಓಟವನ್ನು ಓದಲು ಆಗದು. ಮೀನನ್ನು ಪಕ್ಕದಿಂದ ನೋಡುವುದಕ್ಕಿಂತ ಮೇಲಿನಿಂದ ನೋಡಿ. ಮೊಟ್ಟೆ ತುಂಬಿದ ಹೆಣ್ಣಿನ ಹೊಟ್ಟೆ ಎರಡೂ ಕಡೆ ಉಬ್ಬಿರುತ್ತದೆ, ಗಂಡು ಕಡ್ಡಿಯ ಹಾಗೆ ನೇರ. ಜೀಬ್ರಾ ಡೇನಿಯೊ ಗಂಡಿನಲ್ಲಿ ಪಟ್ಟೆಗಳ ನಡುವೆ ಹೊನ್ನಿನ ಛಾಯೆ ಇರುತ್ತದೆ, ಹೆಣ್ಣಿನಲ್ಲಿ ಬೆಳ್ಳಿಯ ಹೊಳಪು. ನಿಯಾನ್ ಟೆಟ್ರಾದಲ್ಲಿ ಗಂಡಿನ ನೀಲಿ ಗೆರೆ ನೇರವಾಗಿ ಕಾಣುತ್ತದೆ. ಹೆಣ್ಣಿನಲ್ಲಿ ಹೊಟ್ಟೆ ದಪ್ಪಗಿರುವುದರಿಂದ ಅದೇ ಗೆರೆ ಸ್ವಲ್ಪ ಬಾಗಿದಂತೆ ತೋರುತ್ತದೆ. ಶ್ರೀಲಂಕಾದ ಚೆರ್ರಿ ಬಾರ್ಬ್‌ನಲ್ಲಿ ಸಂಶಯಕ್ಕೆ ಜಾಗವೇ ಇಲ್ಲ. ಹುರುಪು ಬಂದ ಗಂಡು ಕಡುಗೆಂಪು, ಹೆಣ್ಣು ಮಾಸಲು ಕಂದು.

ಒಂದು ಎಚ್ಚರಿಕೆ. ಉಬ್ಬಿದ ಹೊಟ್ಟೆಯೆಲ್ಲ ಮೊಟ್ಟೆಯಲ್ಲ. ಮೇಲಿನಿಂದ ನೋಡಿದಾಗ ಹುರುಪೆಗಳು ಎದ್ದು ನಿಂತು ಮೈಯೆಲ್ಲ ಒರಟಾಗಿ ಕಂಡರೆ, ಮೀನು ಮಂಕಾಗಿ ಮೂಲೆ ಹಿಡಿದಿದ್ದರೆ, ಅದು ಕಾಯಿಲೆ. ಮೊಟ್ಟೆ ತುಂಬಿದ ಹೆಣ್ಣು ಹೊಟ್ಟೆಬಾಕನ ಹಾಗೆ ತಿನ್ನುತ್ತದೆ, ಚುರುಕಾಗಿಯೂ ಇರುತ್ತದೆ.

ಡೇನಿಯೊ ಓಟ, ಹಂತ ಹಂತವಾಗಿ

ಲೈಟ್ ಬಂದ ಮೇಲೆ ಮೊದಲ ಕೆಲವು ನಿಮಿಷ ಏನೂ ಆಗದು. ಆಮೇಲೆ ಗುಂಪು ಒಡೆಯುತ್ತದೆ. ಸದಾ ಒಟ್ಟಿಗೆ ಈಜುವ ಮೀನುಗಳಿಂದ ಒಂದು ಹೆಣ್ಣು ಹೊರಬೀಳುತ್ತದೆ. ಅದರ ಹಿಂದೆ ಒಂದು ಗಂಡು, ಕೆಲವೊಮ್ಮೆ ಎರಡು ಮೂರು. ಮೇಲ್ನೋಟಕ್ಕೆ ಇದು ಬರೀ ಅಟ್ಟಾಟ. ಆದರೆ ಗಂಡಿನ ಮೂತಿ ಎಲ್ಲಿದೆ ನೋಡಿ. ಅದು ಹೆಣ್ಣನ್ನು ಕಚ್ಚುತ್ತಿಲ್ಲ. ಹೆಣ್ಣಿನ ಪಕ್ಕೆಯನ್ನೋ ಬಾಲದ ಬುಡವನ್ನೋ ಮೂತಿಯಿಂದ ತಟ್ಟುತ್ತಿದೆ.

ನಡುವೆ ಗಂಡು ಹೆಣ್ಣಿನ ಮುಂದೆ ಬಂದು ರೆಕ್ಕೆಗಳನ್ನೆಲ್ಲ ಬಿಡಿಸಿ ಅದರ ಸುತ್ತ ಸುತ್ತುತ್ತದೆ, ಕೆಲವೊಮ್ಮೆ ಎಂಟರ ಆಕಾರದಲ್ಲಿ. ಹೆಣ್ಣು ಕದಲದಿದ್ದರೆ ಗಂಡು ತಾನು ಆರಿಸಿದ ಜಾಗಕ್ಕೆ ಓಡಿ ಹೋಗುತ್ತದೆ, ಮತ್ತೆ ಹೆಣ್ಣಿನ ಬಳಿ ಬರುತ್ತದೆ, ಮತ್ತೆ ಜಾಗಕ್ಕೆ ಹೋಗುತ್ತದೆ. ಸುಮ್ನೆ ಅತ್ತಿತ್ತ ಓಡಾಡುತ್ತಿದೆ ಅನ್ನಿಸುತ್ತದೆ. ಅದು "ಇಲ್ಲಿಗೆ ಬಾ" ಎಂದು ಕರೆಯುವ ರೀತಿ. ಆ ಜಾಗ ಸಾಮಾನ್ಯವಾಗಿ ಆಳ ಕಡಿಮೆ ಇರುವ ಕಡೆ, ಸಣ್ಣ ಕಲ್ಲಿನ ಮೇಲೆ ಅಥವಾ ಗಿಡದ ಬುಡದಲ್ಲಿ ಇರುತ್ತದೆ. ಇದನ್ನು ಒಮ್ಮೆ ಗುರುತಿಸಿದರೆ ನಿಮ್ಮ ಕೆಲಸ ಸುಲಭ. ಇಡೀ ಟ್ಯಾಂಕಿನಲ್ಲಿ ಮೀನಿನ ಹಿಂದೆ ಕಣ್ಣು ಓಡಿಸುವುದು ಬಿಟ್ಟು ಆ ಜಾಗವನ್ನೇ ನೋಡುತ್ತಾ ಕೂರಿ. ಅವು ಅಲ್ಲಿಗೇ ಬರುತ್ತವೆ.

ಬಂದಾಗ ಆಗುವುದು ಇಷ್ಟು. ಹೆಣ್ಣಿನ ವೇಗ ಇಳಿಯುತ್ತದೆ. ಗಂಡು ಪಕ್ಕಕ್ಕೆ ಬಂದು ಮೈಗೆ ಮೈ ಒತ್ತುತ್ತದೆ. ಬೆನ್ನಿನ ಮತ್ತು ಬಾಲದ ರೆಕ್ಕೆಯನ್ನು ಹೆಣ್ಣಿನ ಕಡೆ ಬಳಸಿ ಹಿಡಿಯುತ್ತದೆ. ಆಗ ಎರಡರ ಜನನ ರಂಧ್ರಗಳೂ ಅಕ್ಕಪಕ್ಕ ಬರುತ್ತವೆ. ಗಂಡಿನ ಇಡೀ ಮೈ ಸಣ್ಣಗೆ, ಅತಿ ವೇಗವಾಗಿ ನಡುಗುತ್ತದೆ. ಒಂದೆರಡು ಸೆಕೆಂಡು, ಅಷ್ಟೇ. ತಟ್ಟನೆ ಬೇರೆಯಾಗುತ್ತವೆ. ಈ ನಡುಕವೇ ಗುರುತು. ಅದು ಕಂಡರೆ ಮೊಟ್ಟೆ ಬಿದ್ದಿರುವ ಸಾಧ್ಯತೆ ಜಾಸ್ತಿ. ಕಾಣದಿದ್ದರೆ ಇನ್ನೂ ಓಲೈಕೆಯ ಹಂತ.

ಒಮ್ಮೆಗೆ ಬೀಳುವುದು 5ರಿಂದ 20 ಮೊಟ್ಟೆ. ಇದೇ ಆಟ ಆ ಬೆಳಿಗ್ಗೆ ಮತ್ತೆ ಮತ್ತೆ ನಡೆದು ಒಟ್ಟು ಲೆಕ್ಕ ನೂರು ದಾಟುತ್ತದೆ. ದೊಡ್ಡ, ಚೆನ್ನಾಗಿ ತಿಂದ ಹೆಣ್ಣು ಕೆಲವು ನೂರು ಮೊಟ್ಟೆ ಇಡಬಲ್ಲದು. ಅನುಕೂಲ ಸಿಕ್ಕರೆ ಎರಡು ಮೂರು ದಿನಕ್ಕೊಮ್ಮೆ ಇದು ಪುನರಾವರ್ತನೆಯಾಗುತ್ತದೆ.

ಗುಂಪಿನಲ್ಲಿ ಎಲ್ಲ ಗಂಡುಗಳಿಗೂ ಸಮಾನ ಅವಕಾಶ ಇರುವುದಿಲ್ಲ. ಒಂದು ಬಲವಾದ ಗಂಡು ಒಳ್ಳೆಯ ಜಾಗ ಹಿಡಿದು ಉಳಿದವನ್ನು ಓಡಿಸುತ್ತಿರುತ್ತದೆ. ಆದರೆ ಜೋಡಿ ನಡುಗುವ ಆ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಗಂಡು ಎಲ್ಲಿಂದಲೋ ನುಗ್ಗಿ ಪಕ್ಕದಲ್ಲೇ ವೀರ್ಯ ಬಿಟ್ಟು ಪರಾರಿಯಾಗುವುದೂ ಉಂಟು. ಒಂದೇ ಹೆಣ್ಣಿನ ಮರಿಗಳಿಗೆ ಒಬ್ಬನೇ ಅಪ್ಪ ಇರಬೇಕೆಂದಿಲ್ಲ.

ಇಷ್ಟೊಂದು ಹತ್ತಿರ ಬರಬೇಕೇ?

ಮೊಟ್ಟೆಯೂ ವೀರ್ಯವೂ ನೀರಿನಲ್ಲೇ ಸೇರುವುದಾದರೆ ಗಂಡು ಸ್ವಲ್ಪ ದೂರದಲ್ಲಿದ್ದರೂ ಆಗುತ್ತಿತ್ತಲ್ಲ ಎಂದು ಕೇಳಬಹುದು. ಆಗುವುದಿಲ್ಲ. ಈ ಓಲೈಕೆ, ಒತ್ತುವಿಕೆ, ನಡುಕ ಎಲ್ಲಕ್ಕೂ ಕಾರಣ ಇಲ್ಲೇ ಇದೆ.

ಗಂಡಿನ ದೇಹದ ಒಳಗೆ ವೀರ್ಯಾಣುಗಳು ಚಲಿಸದೆ ಸುಮ್ಮನಿರುತ್ತವೆ. ಸುತ್ತಲಿನ ದ್ರವದಲ್ಲಿ ಲವಣಾಂಶ ಹೆಚ್ಚಿರುವುದು ಅವನ್ನು ತಡೆದಿಟ್ಟಿರುತ್ತದೆ. ಸಿಹಿನೀರಿಗೆ ಬಿದ್ದ ಕೂಡಲೇ ಲವಣಾಂಶ ದಿಢೀರನೆ ಇಳಿಯುತ್ತದೆ, ವೀರ್ಯಾಣು ಎಚ್ಚೆತ್ತು ಓಡತೊಡಗುತ್ತದೆ. ಆದರೆ ಅದರಲ್ಲಿರುವ ಶಕ್ತಿ ತುಂಬಾ ಕಡಿಮೆ. ಡೇನಿಯೊ ಜಾತಿಗಳಲ್ಲಿ ಈ ಓಟ ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ, ಅದರಲ್ಲೂ ನಿಜವಾದ ಬಿರುಸು ಮೊದಲ ಕೆಲವು ಸೆಕೆಂಡುಗಳಲ್ಲಿ ಮಾತ್ರ.

ಇತ್ತ ಮೊಟ್ಟೆಯೂ ಕಾಯುವುದಿಲ್ಲ. ಮೊಟ್ಟೆಯ ಹೊರಪೊರೆಯಲ್ಲಿ ವೀರ್ಯಾಣು ಒಳಹೋಗಲು ಇರುವುದು ಒಂದೇ ಒಂದು ಸೂಕ್ಷ್ಮ ರಂಧ್ರ. ನೀರು ತಾಗಿದ ಕೂಡಲೇ ಮೊಟ್ಟೆಯಲ್ಲಿ ಬದಲಾವಣೆ ಶುರುವಾಗುತ್ತದೆ. ಹೊರಪೊರೆ ಉಬ್ಬಿ ದೂರ ಸರಿಯುತ್ತದೆ, ಬಾಗಿಲು ಬೇಗನೇ ಮುಚ್ಚುತ್ತದೆ. ಎರಡೂ ಕಡೆ ಸಮಯ ಇಷ್ಟು ಕಡಿಮೆ ಇರುವಾಗ ಒಂದೇ ಕ್ಷಣದಲ್ಲಿ, ಒಂದೇ ಜಾಗದಲ್ಲಿ ಬಿಡಲೇಬೇಕು. ಆ ನಡುಕ ಎರಡು ಮೀನುಗಳ ನಡುವೆ ಕ್ಷಣವನ್ನು ಹೊಂದಿಸುತ್ತದೆ.

ಟೆಟ್ರಾಗಳಲ್ಲಿ ಹೀಗೆ ಮೈಗೆ ಮೈ ಒತ್ತಿ ನಿಲ್ಲಲು ಇನ್ನೊಂದು ಸಲಕರಣೆಯಿದೆ. ಹಲವು ಟೆಟ್ರಾ ಜಾತಿಗಳ ಗಂಡುಗಳಿಗೆ ಹೊಟ್ಟೆಯ ಹಿಂಭಾಗದ ರೆಕ್ಕೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮೂಳೆಯ ಕೊಕ್ಕೆಗಳಿರುತ್ತವೆ. ಬಲೆಯಲ್ಲಿ ಹಿಡಿದಾಗ ಟೆಟ್ರಾ ಗಂಡು ಬಲೆಗೆ ಸಿಕ್ಕಿಕೊಂಡು ಒದ್ದಾಡುವುದನ್ನು ನೋಡಿದವರಿಗೆ ಇದರ ಪರಿಚಯ ಆಗಿರುತ್ತದೆ.

ಹಾಗಾದರೆ ಜಗಳ ಯಾವುದು?

ಗೊಂದಲ ಆಗುವುದು ಇಲ್ಲೇ. ಗಂಡುಗಳು ತಮ್ಮತಮ್ಮಲ್ಲೂ ರೆಕ್ಕೆ ಬಿಡಿಸಿ, ಬಣ್ಣ ಏರಿಸಿಕೊಂಡು ಮೆರೆಯುತ್ತವೆ. ವೈಟ್ ಕ್ಲೌಡ್ ಎಂದು ಕರೆಯುವ ಪುಟ್ಟ ಮೀನಿನಲ್ಲಿ ಇದು ಬಲು ಚೆಂದ. ಚೀನಾದ ಗುವಾಂಗ್‌ಝೌ ಬಳಿಯ ಬೈಯುನ್ ಬೆಟ್ಟದ ತೊರೆಗಳಿಂದ ಬಂದ ಈ ಮೀನನ್ನು ವಿಜ್ಞಾನ ಗುರುತಿಸಿದ್ದು 1932ರಲ್ಲಿ. ಎರಡು ಗಂಡುಗಳು ಅಕ್ಕಪಕ್ಕ ನಿಂತು, ರೆಕ್ಕೆಗಳನ್ನು ಪೂರ್ತಿ ಬಿಡಿಸಿ, ಒಂದನ್ನೊಂದು ಸುತ್ತುತ್ತವೆ. ನೋಡಿದವರಿಗೆ ಇದೇ ಮದುವೆ ಅನ್ನಿಸುತ್ತದೆ. ಅಲ್ಲ. ಎರಡೂ ಗಂಡು.

ಗುರುತಿಸುವುದು ಹೀಗೆ. ಮೆರೆದಾಟದಲ್ಲಿ ಎರಡೂ ಮೀನು ಸಮಾನ. ಎರಡೂ ರೆಕ್ಕೆ ಬಿಡಿಸಿರುತ್ತವೆ, ಎರಡೂ ತೆರೆದ ನೀರಿನಲ್ಲಿರುತ್ತವೆ, ಕೊನೆಗೆ ಒಂದು ರೆಕ್ಕೆ ಮಡಚಿಕೊಂಡು ಜಾಗ ಖಾಲಿ ಮಾಡುತ್ತದೆ. ಮೊಟ್ಟೆಯ ಓಟದಲ್ಲಿ ಹಾಗಲ್ಲ. ರೆಕ್ಕೆ ಬಿಡಿಸುವುದು ಗಂಡು ಮಾತ್ರ, ಹೆಣ್ಣು ಸಾದಾ ಈಜುತ್ತದೆ. ಓಟ ಪದೇ ಪದೇ ಗಿಡದ ಕಡೆಗೋ ತಳದ ಕಡೆಗೋ ಹೋಗುತ್ತದೆ, ಕೊನೆಗೆ ಜೋಡಿ ಒಟ್ಟಿಗೆ ನಿಲ್ಲುತ್ತದೆ. ನಿಜವಾದ ಕಿರುಕುಳವೂ ಇರುತ್ತದೆ. ಒಂದು ಮೀನು ದಿನವಿಡೀ ಒಂದನ್ನೇ ಓಡಿಸುವುದು, ಅದರ ರೆಕ್ಕೆ ಹರಿದಿರುವುದು, ಊಟಕ್ಕೂ ಹೊರಗೆ ಬರದಿರುವುದು ಕಂಡರೆ ಪ್ರಣಯದ ಕಥೆ ಹೇಳಿಕೊಂಡು ಕೂರಬೇಡಿ, ಆ ಮೀನನ್ನು ಬೇರೆ ಮಾಡಿ.

ಇನ್ನೂ ಖಚಿತವಾದ ಸಾಕ್ಷಿ ಬೇಕಾದರೆ ಉಳಿದ ಮೀನುಗಳನ್ನು ನೋಡಿ. ಜೋಡಿ ಬೇರೆಯಾದ ಮರುಕ್ಷಣ ಎರಡು ಮೂರು ಮೀನುಗಳು ಆ ಜಾಗಕ್ಕೆ ಧಾವಿಸಿ, ತಲೆ ಕೆಳಗೆ ಮಾಡಿ, ಕಲ್ಲಿನ ಸಂದಿಯನ್ನೋ ಗಿಡವನ್ನೋ ಕುಕ್ಕಲು ಶುರು ಮಾಡಿದರೆ ಅಲ್ಲಿ ಮೊಟ್ಟೆ ಇದೆ ಎಂದೇ ಅರ್ಥ. ನಮಗೆ ಕಾಣದ ಮೊಟ್ಟೆ ಅವಕ್ಕೆ ಕಂಡಿದೆ.

ಸ್ವಂತ ಮೊಟ್ಟೆಯನ್ನೇ ತಿನ್ನುವುದು ನಮಗೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಮೀನಿಗೆ ಅದು ನೀರಿನಲ್ಲಿ ಸಿಗುವ ಒಳ್ಳೆಯ ಆಹಾರ. ತನ್ನದೋ ಬೇರೆಯವರದೋ ಎಂದು ಗುರುತಿಸುವ ಅಗತ್ಯವೇ ಇಲ್ಲದ ಬದುಕು ಅದರದು. ಹೊಳೆಯಲ್ಲಿ ನೀರು ಹರಿಯುತ್ತದೆ, ಗುಂಪು ಮುಂದೆ ಹೋಗುತ್ತದೆ, ಉಳಿದ ಮೊಟ್ಟೆ ಬದುಕುತ್ತದೆ. ಟ್ಯಾಂಕಿನ ನಾಲ್ಕು ಗಾಜಿನ ಗೋಡೆಗಳ ನಡುವೆ ಗುಂಪು ಎಲ್ಲಿಗೂ ಹೋಗುವುದಿಲ್ಲ. ತೊಂದರೆ ಇರುವುದು ಮೀನಿನಲ್ಲಿ ಅಲ್ಲ, ಗೋಡೆಯಲ್ಲಿ.

ಎಲ್ಲವೂ ಡೇನಿಯೊ ಅಲ್ಲ

ಡೇನಿಯೊ ಕಲಿಸಿದ ಪಾಠ ಎಲ್ಲ ಕಡೆ ನಡೆಯದು. ಹಾರ್ಲೆಕ್ವಿನ್ ರಾಸ್ಬೋರಾ ನೋಡಲು ಅದೇ ತರಹದ ಗುಂಪು ಮೀನು. ಆದರೆ ಅದು ಮೊಟ್ಟೆ ಚೆಲ್ಲುವುದಿಲ್ಲ, ಅಗಲ ಎಲೆಯ ಅಡಿಭಾಗಕ್ಕೆ ಅಂಟಿಸುತ್ತದೆ. ಕ್ರಿಪ್ಟೊಕೊರೈನ್ ಗಿಡವೆಂದರೆ ಅದಕ್ಕೆ ಇಷ್ಟ. ಹೆಣ್ಣು ಎಲೆಯ ಕೆಳಗೆ ಹೋಗಿ ಹೊಟ್ಟೆ ಮೇಲಾಗಿ ತಿರುಗುತ್ತದೆ. ಗಂಡೂ ತಿರುಗಿ ಅದನ್ನು ಬಳಸುತ್ತದೆ. ಎರಡೂ ತಲೆಕೆಳಗಾಗಿ ನಡುಗುತ್ತವೆ. ಮೊದಲು ಒಂದಷ್ಟು ಸಲ ಹೆಣ್ಣು ಸುಮ್ನೆ ಹೊಟ್ಟೆಯನ್ನು ಎಲೆಗೆ ಉಜ್ಜಿ ಹೋಗುತ್ತದೆ. ಹಾರ್ಲೆಕ್ವಿನ್ ಬೆನ್ನು ಕೆಳಗೆ ಮಾಡಿ ಎಲೆಯಡಿ ಈಜುವುದು ಕಂಡರೆ ಕಾಯಿಲೆ ಬಂತೆಂದು ಔಷಧ ಹಾಕಲು ಹೋಗಬೇಡಿ.

ಕೋರಿಡೋರಾಸ್‌ನದು ಇನ್ನೊಂದೇ ಲೋಕ. ಹೆಣ್ಣು ಗಂಡಿನ ಹೊಟ್ಟೆಗೆ ಬಾಯಿ ಒತ್ತುತ್ತದೆ. ಮೇಲಿನಿಂದ ನೋಡಿದರೆ ಎರಡು ಮೀನು ಸೇರಿ ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುತ್ತವೆ. ಅದೇ ಹೊತ್ತಿಗೆ ಹೆಣ್ಣು ತನ್ನ ಹೊಟ್ಟೆಯ ರೆಕ್ಕೆಗಳನ್ನು ಬೊಗಸೆಯಾಗಿ ಹಿಡಿದು ಅದರಲ್ಲಿ ಕೆಲವೇ ಮೊಟ್ಟೆಗಳನ್ನು ಬಿಡುತ್ತದೆ. ಆಮೇಲೆ ಗಾಜಿಗೋ ಎಲೆಗೋ ಅಂಟಿಸುತ್ತದೆ. ಕಂಚಿನ ಕೋರಿಡೋರಾಸ್‌ನಲ್ಲಿ ಹೆಣ್ಣು ವೀರ್ಯವನ್ನು ಕುಡಿಯುತ್ತದೆ, ಅದು ಕರುಳಿನ ಮೂಲಕ ಬೇಗ ಹಾದು ಹೊರಬಂದು ಬೊಗಸೆಯಲ್ಲಿರುವ ಮೊಟ್ಟೆಗಳನ್ನು ಸೇರುತ್ತದೆ ಎಂದು ಜಪಾನಿನ ಸಂಶೋಧಕರು 1995ರಲ್ಲಿ ತೋರಿಸಿದರು. ಇದರ ಮೊಟ್ಟೆ ಗಾಜಿನ ಮೇಲೆ ಸ್ಪಷ್ಟವಾಗಿ ಕಾಣುವುದರಿಂದ, ಮೊದಲ ಸಲ ನೋಡುವವರಿಗೆ ಇದರಷ್ಟು ಒಳ್ಳೆಯ ಮೀನು ಇನ್ನೊಂದಿಲ್ಲ.

ರೇನ್‌ಬೋ ಮೀನುಗಳು ಒಂದೇ ಬೆಳಿಗ್ಗೆ ಎಲ್ಲ ಮೊಟ್ಟೆ ಖಾಲಿ ಮಾಡುವುದಿಲ್ಲ. ದಿನಕ್ಕಿಷ್ಟು ಎಂದು ಹಲವು ದಿನ ಇಡುತ್ತವೆ. ಗಂಡಿನ ನೆತ್ತಿಯಿಂದ ಬೆನ್ನಿನವರೆಗೆ ಒಂದು ಹೊಳೆಯುವ ಪಟ್ಟೆ ಮಿಂಚಿ ಮಾಯವಾಗುತ್ತದೆ, ಅದೇ ಕರೆ. 2006ರಲ್ಲಿ ಮ್ಯಾನ್ಮಾರ್‌ನಲ್ಲಿ ಪತ್ತೆಯಾದ, ಮೈಮೇಲೆ ಮುತ್ತಿನ ಚುಕ್ಕಿಗಳಿರುವ ಪುಟ್ಟ ಸೆಲೆಸ್ಟಿಯಲ್ ಪರ್ಲ್ ಡೇನಿಯೊ ಕೂಡ ಒಮ್ಮೆಗೆ ಸ್ವಲ್ಪವೇ ಮೊಟ್ಟೆಗಳನ್ನು ಪಾಚಿಯಂಥ ಮಾಸ್ ಗಿಡದೊಳಗೆ ಬಿಡುತ್ತದೆ. ದಕ್ಷಿಣ ಅಮೆರಿಕದ ಸ್ಪ್ಲ್ಯಾಷ್ ಟೆಟ್ರಾದ ಸಾಹಸ ಕೇಳಿದರೆ ನಗು ಬರುತ್ತದೆ. ಜೋಡಿ ನೀರಿನಿಂದ ಹೊರಗೆ ಜಿಗಿದು, ಮೇಲೆ ಬಾಗಿರುವ ಎಲೆಗೆ ಒಂದು ಕ್ಷಣ ಅಂಟಿಕೊಂಡು, ಅಲ್ಲಿ ಮೊಟ್ಟೆ ಇಟ್ಟು ಬೀಳುತ್ತದೆ. ಆಮೇಲೆ ಮರಿ ಹೊರಬರುವ ತನಕ ಗಂಡು ಬಾಲದಿಂದ ನೀರೆರಚಿ ಮೊಟ್ಟೆ ಒಣಗದಂತೆ ನೋಡಿಕೊಳ್ಳುತ್ತದೆ. ಪುಟ್ಟ ಮೀನುಗಳಿಗೆ ಕಾಳಜಿಯೇ ಇಲ್ಲ ಎನ್ನುವ ಹಾಗೂ ಇಲ್ಲ!

ಇನ್ನು ನಿಯಾನ್ ಟೆಟ್ರಾ. 1936ರಿಂದ ವಿಜ್ಞಾನಕ್ಕೆ ಪರಿಚಿತ, ಎಲ್ಲ ಕಡೆ ಸಿಗುತ್ತದೆ, ಆದರೆ ಮನೆಯಲ್ಲಿ ಮರಿ ಮಾಡಿಸುವುದು ಸುಲಭವಲ್ಲ. ಅಮೆಜಾನ್ ಕಾಡಿನ ಕಪ್ಪು ನೀರಿನಲ್ಲಿ ಖನಿಜಾಂಶ ಬಹುತೇಕ ಇಲ್ಲ, ನೀರು ಆಮ್ಲೀಯ, ಬೆಳಕು ಮಂದ. ನಿಯಾನ್‌ಗಳು ಗಡಸು ನೀರಿನಲ್ಲಿ ವರ್ಷಗಟ್ಟಲೆ ಬದುಕಬಹುದು, ಓಲೈಸಲೂಬಹುದು, ಮೊಟ್ಟೆಯನ್ನೂ ಇಡಬಹುದು. ಆ ಮೊಟ್ಟೆ ಬೆಳೆಯುವುದು ಮಾತ್ರ ಕಷ್ಟ. ಬೆಳಕು ಜಾಸ್ತಿಯಾದರೂ ಅವಕ್ಕೆ ಆಗದು. ಆದ್ದರಿಂದ ಮೊಟ್ಟೆ ಬಿದ್ದ ಮೇಲೆ ತೊಟ್ಟಿಗೆ ಬಟ್ಟೆಯನ್ನೋ ಕಾಗದವನ್ನೋ ಮುಚ್ಚುತ್ತಾರೆ. ನೋಡುವ ಹುಮ್ಮಸ್ಸಿನಲ್ಲಿ ಟಾರ್ಚ್ ಬಿಡುವವರು ನಿಯಾನ್ ವಿಷಯದಲ್ಲಿ ಕೈ ಕಟ್ಟಿಕೊಂಡು ಕೂರಬೇಕು.

ನೋಡಲು ಕೂರುವ ಮೊದಲು

ದೊಡ್ಡ ಟ್ಯಾಂಕಿನಲ್ಲೇ ನೋಡುವುದಾದರೆ ಹೆಚ್ಚೇನೂ ಬೇಡ. ಟೈಮರ್ ಹಾಕಿ. ವಾರವೊಂದು ಊಟ ಚೆನ್ನಾಗಿರಲಿ, ಒಣ ಆಹಾರದ ಜೊತೆ ಸೊಳ್ಳೆ ಮರಿ, ಸಿಗಡಿ ಜಾತಿಯ ಪುಟಾಣಿ ಜೀವಿಗಳಾದ ಡಾಫ್ನಿಯಾ, ಆರ್ಟೀಮಿಯಾದಂಥ ಜೀವಂತ ಆಹಾರ ಇರಲಿ. ಹೆಣ್ಣಿನ ಹೊಟ್ಟೆ ತುಂಬುವುದು ಇದರಿಂದಲೇ. ಕತ್ತಲಲ್ಲಿ ಏಕಾಏಕಿ ಟ್ಯಾಂಕಿನ ಲೈಟ್ ಹಾಕಿದರೆ ಮೀನುಗಳು ಬೆಚ್ಚಿ ದಿಕ್ಕಾಪಾಲಾಗುತ್ತವೆ. ಅವಕ್ಕೆ ರೆಪ್ಪೆ ಇಲ್ಲ, ಕಣ್ಣು ಬೆಳಕಿಗೆ ಹೊಂದಿಕೊಳ್ಳಲು ಸಮಯ ಬೇಕು. ಮೊದಲು ಕೋಣೆಯ ಲೈಟ್ ಹಾಕಿ ಅಥವಾ ಪರದೆ ಸರಿಸಿ. ಸ್ವಲ್ಪ ಹೊತ್ತಾದ ಮೇಲೆ ಟ್ಯಾಂಕಿನ ಲೈಟ್. ಆಮೇಲೆ ಒಂದು ಕಡೆ ಅಲುಗಾಡದೆ ಕೂರಿ. ಗಾಜಿನ ಹತ್ತಿರ ಮುಖ ಒಯ್ದರೆ ಊಟ ಬಂತೆಂದು ಎಲ್ಲವೂ ನಿಮ್ಮ ಕಡೆಗೇ ಬರುತ್ತವೆ, ಓಟ ಅಲ್ಲಿಗೆ ಕೆಟ್ಟಿತು.

ಮೊಬೈಲಿನ ಸ್ಲೋ ಮೋಷನ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬರಿಗಣ್ಣಿಗೆ ಒಂದು ಮಿಂಚಿನಂತೆ ಕಾಣುವ ನಡುಕವನ್ನು ನಿಧಾನವಾಗಿ ನೋಡಿದಾಗ ಗಂಡಿನ ರೆಕ್ಕೆ ಹೇಗೆ ಬಳಸುತ್ತದೆ, ಮೊಟ್ಟೆ ಯಾವಾಗ ಬೀಳುತ್ತದೆ ಎಲ್ಲ ಗೊತ್ತಾಗುತ್ತದೆ. ಟ್ಯಾಂಕಿನ ಹಿಂದೆ ಕಪ್ಪು ಹಾಳೆ ಇದ್ದರೆ ಬೀಳುವ ಮೊಟ್ಟೆಗಳು ಎದ್ದು ಕಾಣುತ್ತವೆ.

ಮೊಟ್ಟೆ ಉಳಿಯಬೇಕು ಎನ್ನುವವರು ಬೇರೆ ಸಣ್ಣ ತೊಟ್ಟಿ ಮಾಡಿಕೊಳ್ಳಬೇಕು. 10ರಿಂದ 15 ಸೆಂಟಿಮೀಟರ್ ಆಳದ ನೀರು ಸಾಕು. ಮೊಟ್ಟೆ ಬೀಳುವ ದೂರ ಕಡಿಮೆಯಾದಷ್ಟೂ ದಾರಿಯಲ್ಲೇ ನುಂಗುವುದು ಕಡಿಮೆ. ತಳಕ್ಕೆ ಒಂದೆರಡು ಪದರ ಗಾಜಿನ ಗೋಲಿ ಹಾಸಿ, ಅಥವಾ ಮೀನು ನುಸುಳಲಾಗದ, ಮೊಟ್ಟೆ ಮಾತ್ರ ಇಳಿಯುವ ಜಾಲರಿ ಇಡಿ. ಟೆಟ್ರಾಗಳಿಗೆ ಜಾವಾ ಮಾಸ್‌ನ ದಟ್ಟ ಗೊಂಚಲು ಒಳ್ಳೆಯದು. ಗಂಡು ಹೆಣ್ಣನ್ನು ಕೆಲವು ದಿನ ಬೇರೆ ಇಟ್ಟು ಸಂಜೆ ಒಟ್ಟಿಗೆ ಬಿಟ್ಟರೆ ಮರುದಿನ ಬೆಳಿಗ್ಗೆಯೇ ಫಲ ಸಿಗುವುದುಂಟು. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ವಾಸಿ. ಓಟ ಮುಗಿದ ಕೂಡಲೇ ದೊಡ್ಡ ಮೀನುಗಳನ್ನು ತೆಗೆಯಿರಿ, ತಡ ಮಾಡಿದರೆ ಅವು ಗೋಲಿಗಳ ಸಂದಿಯನ್ನೂ ಬಿಡುವುದಿಲ್ಲ.

ಬಿದ್ದ ಮೇಲೆ

ಡೇನಿಯೊ ಮೊಟ್ಟೆ ಉಬ್ಬಿದ ಮೇಲೂ ಸುಮಾರು 1 ಮಿಲಿಮೀಟರ್. ಅಂಟುವುದಿಲ್ಲ, ತೇಲುವುದೂ ಇಲ್ಲ, ತಳದಲ್ಲಿ ಕೂರುತ್ತದೆ. ಪೂರ್ತಿ ಪಾರದರ್ಶಕ. ಅದೇ ಅದರ ಸೊಗಸು. ಒಂದು ಭೂತಗನ್ನಡಿ, ಸಾಧ್ಯವಾದರೆ ಸಾಧಾರಣ ಮೈಕ್ರೋಸ್ಕೋಪು ಇದ್ದರೆ ಒಂದು ಜೀವ ಕಟ್ಟಿಕೊಳ್ಳುವುದನ್ನು ಹೊರಗಿನಿಂದಲೇ ನೋಡಬಹುದು. ನೀರು 28.5 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮೊದಲ ಜೀವಕೋಶ ಸುಮಾರು 45 ನಿಮಿಷಕ್ಕೆ ಎರಡಾಗುತ್ತದೆ. ಅಲ್ಲಿಂದ ಹೆಚ್ಚುಕಡಿಮೆ ಕಾಲು ಗಂಟೆಗೊಮ್ಮೆ ಎರಡು ನಾಲ್ಕು, ನಾಲ್ಕು ಎಂಟು. ಒಂದು ದಿನ ಆಗುವ ಹೊತ್ತಿಗೆ ಬಾಲ ಅಲುಗಾಡುತ್ತದೆ, ಹೃದಯ ಬಡಿಯತೊಡಗುತ್ತದೆ. ಲ್ಯಾಬುಗಳು ಈ ಮೀನಿನ ಹಿಂದೆ ಬಿದ್ದದ್ದು ಇದೇ ಕಾರಣಕ್ಕೆ. ಎರಡರಿಂದ ಮೂರು ದಿನಕ್ಕೆ ಮರಿ ಹೊರಗೆ. ನೀರು ತಣ್ಣಗಿದ್ದರೆ ಎಲ್ಲವೂ ನಿಧಾನ.

ಮೊದಲ ದಿನವೇ ಕೆಲವು ಮೊಟ್ಟೆ ಬೆಳ್ಳಗೆ, ಅಪಾರದರ್ಶಕವಾಗಿ ತಿರುಗುತ್ತವೆ. ಅವು ಫಲಿಸದವು ಅಥವಾ ಸತ್ತವು. ಅವುಗಳ ಮೇಲೆ ಹತ್ತಿಯಂಥ ಬೂಷ್ಟು ಬೆಳೆದು ಪಕ್ಕದ ಒಳ್ಳೆಯ ಮೊಟ್ಟೆಗೂ ಹಬ್ಬುತ್ತದೆ. ಡ್ರಾಪರ್‌ನಿಂದ ಎತ್ತಿ ತೆಗೆಯುವುದು ಒಳ್ಳೆಯದು.

ಮರಿ ಹೊರಬಂದ ಕೂಡಲೇ ಊಟ ಹಾಕುವ ಆತುರ ಬೇಡ. ಅದು ಗಾಜಿಗೋ ಗಿಡಕ್ಕೋ ಅಂಟಿಕೊಂಡು, ಹೊಟ್ಟೆಗೆ ಕಟ್ಟಿಕೊಂಡು ಬಂದ ಭಂಡಾರದ ಚೀಲದಿಂದಲೇ ಒಂದೆರಡು ದಿನ ಬದುಕುತ್ತದೆ. ನಿಯಾನ್ ಮರಿ ಮೊಟ್ಟೆಯಿಂದ ಬರಲು ಒಂದು ದಿನ ಸಾಕು, ಆದರೆ ಈಜಲು ಶುರು ಮಾಡುವುದು ಸುಮಾರು ಐದನೇ ದಿನ. ಈಜಿದ ಕೂಡಲೇ ಹಸಿವು. ಆಗ ಅವುಗಳ ಬಾಯಿಗೆ ಹಿಡಿಯುವುದು ಪ್ಯಾರಮೀಸಿಯಂನಂಥ ಸೂಕ್ಷ್ಮ ಜೀವಿಗಳು ಮಾತ್ರ. ಈ ಸೂಕ್ಷ್ಮ ಜೀವಿಗಳನ್ನು ಮೀನು ಸಾಕುವವರು ಇನ್ಫ್ಯುಸೋರಿಯಾ ಎನ್ನುತ್ತಾರೆ. ಮೀನು ಮೊಟ್ಟೆ ಇಡುವ ಮೊದಲೇ ಅದನ್ನು ತಯಾರು ಮಾಡಿಟ್ಟಿರಬೇಕು, ಏಕೆಂದರೆ ಅದು ಸಿದ್ಧವಾಗಲು ದಿನಗಳು ಬೇಕು, ಮರಿ ಕಾಯುವುದಿಲ್ಲ. ಒಂದೆರಡು ವಾರದಲ್ಲಿ ಆಗತಾನೇ ಹುಟ್ಟಿದ ಆರ್ಟೀಮಿಯಾ ತಿನ್ನುವಷ್ಟು ಬೆಳೆಯುತ್ತವೆ. ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿವೆ ಎಂದು ಅರ್ಥ.

ದೊಡ್ಡ ಮೀನಿನ ಬಾಯಿಗೆ ಹಿಡಿಯದಷ್ಟು ಬೆಳೆದ ಮೇಲೆ ಮರಿಗಳನ್ನು ಗುಂಪಿಗೆ ಬಿಡಬಹುದು. ಚೆನ್ನಾಗಿ ತಿಂದು ಬೆಳೆದ ಡೇನಿಯೊ ಸುಮಾರು ಮೂರು ತಿಂಗಳಿಗೆ ತಾನೇ ಮೊಟ್ಟೆ ಇಡುವ ವಯಸ್ಸಿಗೆ ಬರುತ್ತದೆ. ಕೆಲವು ನೂರು ಮೊಟ್ಟೆಗಳಲ್ಲಿ ಕಾಲು ಭಾಗ ಉಳಿದರೂ ಅಷ್ಟು ಮೀನುಗಳಿಗೆ ಜಾಗ ಎಲ್ಲಿ ಎಂಬುದನ್ನು ಮಾತ್ರ ಗೋಲಿ ಹಾಸುವ ಮೊದಲೇ ಯೋಚಿಸಿಕೊಳ್ಳಿ.